ಸೌದೆ ತುಂಡನ್ನು ಕೈಯಲ್ಲಿ ಹಿಡಿದು ಓದುವುದು ಹೇಗೆ

ಎರಡು ಸೌದೆ ತುಂಡು ತೆಗೆದುಕೊಳ್ಳಿ. ಒಂದೇ ಉದ್ದ, ಒಂದೇ ದಪ್ಪ. ಒಂದು ಹುಣಸೆಯದು, ಇನ್ನೊಂದು ಬೂರುಗದ್ದು. ಎರಡೂ ಚೆನ್ನಾಗಿ ಒಣಗಿವೆ. ಒಂದೊಂದು ಕೈಯಲ್ಲಿ ಒಂದೊಂದು ಹಿಡಿದರೆ ಹುಣಸೆ ಹಿಡಿದ ಕೈ ತಾನಾಗಿ ಕೆಳಗಿಳಿಯುತ್ತದೆ. ಬೂರುಗ ಮಾತ್ರ ಒಳಗೆ ಏನೂ ಇಲ್ಲವೇನೋ ಅನ್ನುವಷ್ಟು ಹಗುರ. ಒಲೆಗೆ ಹಾಕಿದರೆ ಬೂರುಗ ಭಗ್ಗನೆ ಹತ್ತಿಕೊಂಡು ಸ್ವಲ್ಪ ಹೊತ್ತಿಗೆಲ್ಲ ಬೂದಿಯಾಗುತ್ತದೆ. ಹುಣಸೆ ನಿಧಾನವಾಗಿ ಹಿಡಿಯುತ್ತದೆ. ಹಿಡಿದ ಮೇಲೆ ಬಹಳ ಹೊತ್ತು ಕೆಂಡವಾಗಿ ಕೂತಿರುತ್ತದೆ.

ಇದನ್ನು ನೋಡಿದವರು ಹುಣಸೆಯಲ್ಲಿ ಶಾಖ ಜಾಸ್ತಿ, ಬೂರುಗದಲ್ಲಿ ಕಡಿಮೆ ಅನ್ನುತ್ತಾರೆ. ತುಂಡಿಗೆ ತುಂಡು ಹೋಲಿಸಿದರೆ ಅದು ನಿಜ. ಆದರೆ ತಕ್ಕಡಿಯಲ್ಲಿಟ್ಟು ಒಂದು ಕೆಜಿ ಹುಣಸೆ, ಒಂದು ಕೆಜಿ ಬೂರುಗ ತೂಗಿ ಉರಿಸಿದರೆ? ಎರಡರಿಂದಲೂ ಬರುವ ಶಾಖ ಹೆಚ್ಚುಕಮ್ಮಿ ಒಂದೇ! ಮನೆ ಬೆಚ್ಚಗಿಡಲು ಸೌದೆ ಉರಿಸುವವರು ಮೊದಲು ತಿಳಿಯಬೇಕಾದ್ದು ಇದು. ನನಗೆ ಇದು ಗೊತ್ತಾದ ಮೇಲೆ ಸೌದೆ ನೋಡುವ ರೀತಿಯೇ ಬದಲಾಯಿತು.

ಮರ, ಗಾಳಿ, ನೀರು

ಯಾವ ಮರವನ್ನೇ ತೆಗೆದುಕೊಳ್ಳಿ, ಅದರ ಗಟ್ಟಿ ಭಾಗ ಮುಖ್ಯವಾಗಿ ಮೂರು ವಸ್ತುಗಳಿಂದ ಆಗಿರುತ್ತದೆ: ಸೆಲ್ಯುಲೋಸ್, ಹೆಮಿಸೆಲ್ಯುಲೋಸ್, ಲಿಗ್ನಿನ್. ಪ್ರಮಾಣ ಅಲ್ಪಸ್ವಲ್ಪ ಬದಲಾಗುತ್ತದೆ, ಅಷ್ಟೇ. ಪೂರ್ತಿ ಒಣಗಿದ ಒಂದು ಕೆಜಿ ಮರದಲ್ಲಿ ಸುಮಾರು 5 ಯೂನಿಟ್ ಶಾಖ ಇರುತ್ತದೆ. ಕರೆಂಟ್ ಬಿಲ್‌ನಲ್ಲಿ ಬರುವ ಅದೇ ಯೂನಿಟ್. ಪೈನ್‌ನಂಥ ಮರಗಳಲ್ಲಿ ರಾಳ ಇರುವುದರಿಂದ ಕೆಜಿಗೆ ಒಂಚೂರು ಜಾಸ್ತಿಯೇ ಸಿಗುತ್ತದೆ.

ಹಾಗಾದರೆ ಒಂದು ತುಂಡು ಭಾರ, ಇನ್ನೊಂದು ಹಗುರ ಯಾಕೆ? ಮರ ಅಂದರೆ ಲಕ್ಷಗಟ್ಟಲೆ ಸಣ್ಣ ಕೊಳವೆಗಳ ಕಟ್ಟು. ಕೊಳವೆಯ ಗೋಡೆ ಎಲ್ಲ ಮರಗಳಲ್ಲೂ ಒಂದೇ ಥರದ್ದು. ಆ ಗೋಡೆಯನ್ನು ಮಾತ್ರ ಒತ್ತೊತ್ತಾಗಿ ತುಂಬಿಸಿ ತೂಗಲು ಸಾಧ್ಯವಾದರೆ ಅದು ನೀರಿನ ಒಂದೂವರೆ ಪಟ್ಟು ಭಾರ. ಅಂದರೆ ಮರದ ಗಟ್ಟಿ ವಸ್ತು ನೀರಲ್ಲಿ ಮುಳುಗುತ್ತದೆ. ಸೌದೆಯನ್ನು ತೇಲಿಸುವುದು ಅದರೊಳಗಿನ ಗಾಳಿ. ಸರ್ವೆ, ಹುಣಸೆ, ಜಾಲಿಯಂಥ ಮರಗಳಲ್ಲಿ ಗೋಡೆ ದಪ್ಪ, ಟೊಳ್ಳು ಕಿರಿದು. ಬೂರುಗ, ಪಾಪ್ಲರ್, ವಿಲ್ಲೋದಲ್ಲಿ ಗೋಡೆ ತೆಳು, ಟೊಳ್ಳು ದೊಡ್ಡದು. ಒಣಗಿದ ಒಂದು ಘನ ಮೀಟರ್ ಪಾಪ್ಲರ್ ಸುಮಾರು 400 ಕೆಜಿ ತೂಗುತ್ತದೆ. ಲೆಕ್ಕ ಹಾಕಿ ನೋಡಿದರೆ ಅದರಲ್ಲಿ ಮುಕ್ಕಾಲು ಪಾಲು ಬರೀ ಗಾಳಿ. ಓಕ್, ಬೀಚ್ ಮರಗಳು ಸುಮಾರು 700 ಕೆಜಿ ಬರುತ್ತವೆ. ಅಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಗಾಳಿ.

ಈಗ ನೀರಿನ ವಿಷಯ. ಆಗಷ್ಟೇ ಕಡಿದ ಮರದ ತೂಕದಲ್ಲಿ ಅರ್ಧದಷ್ಟು ನೀರೇ ಇರುವುದು ಮಾಮೂಲು. ಹತ್ತು ಕೆಜಿ ಹಸಿ ಸೌದೆ ತಂದರೆ ಐದು ಕೆಜಿ ಮರ, ಐದು ಲೀಟರ್ ನೀರು ಹೊತ್ತು ತಂದ ಹಾಗೆ. ಇದನ್ನು ಒಲೆಗೆ ಹಾಕಿದರೆ ಬೆಂಕಿ ಮೊದಲು ಆ ನೀರನ್ನು ಕುದಿಸಿ ಆವಿ ಮಾಡಬೇಕು. ಲೀಟರಿಗೆ ಮುಕ್ಕಾಲು ಯೂನಿಟ್‌ಗೆ ಹತ್ತಿರದಷ್ಟು ಶಾಖ ಅದಕ್ಕೇ ಖರ್ಚು. ಐದು ಕೆಜಿ ಮರದ ಸುಮಾರು 25 ಯೂನಿಟ್‌ನಲ್ಲಿ ಮೂರೂವರೆ ಹೀಗೆ ಹೋಗುತ್ತದೆ. ಅದೇ ಹತ್ತು ಕೆಜಿ, ನೀರು ತೂಕದ ಐದನೇ ಒಂದು ಪಾಲಿಗೆ ಇಳಿದ ಒಣ ಸೌದೆಯಾಗಿದ್ದರೆ ಸುಮಾರು 40 ಯೂನಿಟ್ ಕೊಡುತ್ತದೆ.

ಆದರೆ ನೀರು ಮಾಡುವ ನಿಜವಾದ ಹಾನಿ ಈ ಲೆಕ್ಕದಲ್ಲಿ ಬರುವುದಿಲ್ಲ. ಅದನ್ನು ತಿಳಿಯಬೇಕಾದರೆ ಸೌದೆ ಉರಿಯುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಉರಿಯುವುದು ಮರವಲ್ಲ, ಹೊಗೆ

ಚೆನ್ನಾಗಿ ಹತ್ತಿಕೊಂಡ ಒಂದು ತುಂಡನ್ನು ಗಮನವಿಟ್ಟು ನೋಡಿ. ಜ್ವಾಲೆ ಎಷ್ಟೋ ಕಡೆ ಮರಕ್ಕೆ ತಾಗಿರುವುದಿಲ್ಲ. ಮರಕ್ಕೂ ಜ್ವಾಲೆಗೂ ನಡುವೆ ಒಂದು ಸಣ್ಣ ಸಂದು ಕಾಣುತ್ತದೆ. ಆ ಸಂದಿನಲ್ಲಿ ಮರದಿಂದ ಹೊರಬಂದ ಅನಿಲ ಇದೆ. ಕಾವು 200 ಡಿಗ್ರಿ ದಾಟಿದ ಮೇಲೆ ಮರ ಒಳಗೊಳಗೇ ಒಡೆದು ಅನಿಲವಾಗಲು ಶುರುವಾಗುತ್ತದೆ. ಒಣ ಮರದ ತೂಕದಲ್ಲಿ ಐದರಲ್ಲಿ ನಾಲ್ಕು ಪಾಲಿನಷ್ಟು ಹೀಗೆ ಅನಿಲವಾಗಿ ಹೋಗುತ್ತದೆ. ಕೊನೆಗೆ ಉಳಿಯುವ ಇಜ್ಜಲು ಕೆಂಡವಾಗಿ ಉರಿಯುತ್ತದೆ. ನಾವು ಹೊಗೆ ಅನ್ನುವುದು ಬಹುಮಟ್ಟಿಗೆ ಉರಿಯದೆ ತಪ್ಪಿಸಿಕೊಂಡ ಇಂಧನವೇ. ಚಿಮಣಿಯಿಂದ ದಟ್ಟ ಹೊಗೆ ಬರುತ್ತಿದ್ದರೆ ಸೌದೆಯ ಒಳ್ಳೆಯ ಭಾಗ ಆಕಾಶಕ್ಕೆ ಹೋಗುತ್ತಿದೆ ಅಂತಲೇ ಅರ್ಥ.

ಆ ಅನಿಲ ಪೂರ್ತಿ ಉರಿಯಬೇಕಾದರೆ ಒಲೆಯೊಳಗೆ ಒಳ್ಳೆಯ ಕಾವು ಇರಬೇಕು, ಗಾಳಿಯೂ ಬೇಕು. ಹಸಿ ಸೌದೆಯ ಆವಿ ಆ ಕಾವನ್ನು ಇಳಿಸುತ್ತದೆ. ಅನಿಲ ಉರಿಯದೆ ಮೇಲೇರುತ್ತದೆ. ತಣ್ಣಗಿನ ಚಿಮಣಿ ಗೋಡೆಗೆ ತಾಗಿ ಟಾರಿನಂತೆ ಅಂಟಿಕೊಳ್ಳುತ್ತದೆ. ಇದನ್ನು ಕ್ರಿಯೋಸೋಟ್ ಅನ್ನುತ್ತಾರೆ. ಪದರ ಪದರವಾಗಿ ಕಟ್ಟಿದ ಆ ಮಸಿಗೆ ಒಂದು ದಿನ ಕಿಡಿ ತಗುಲಿದರೆ ಚಿಮಣಿಗೇ ಬೆಂಕಿ ಹಿಡಿಯುತ್ತದೆ. ಮನೆಗಳು ಸುಟ್ಟುಹೋಗುವುದು ಹೀಗೂ ಇದೆ. ಅದಕ್ಕೇ ನಾನು ಸೌದೆಯ ಜಾತಿ ಕೇಳುವ ಮೊದಲು ಅದು ಒಣಗಿದೆಯಾ ಅಂತ ಕೇಳುತ್ತೇನೆ. ಒಣಗಿದ ಪೈನ್ ಯಾವತ್ತೂ ಹಸಿ ಓಕ್‌ಗಿಂತ ಮೇಲು.

ಪೈನ್ ಹೆಸರು ಬಂತಲ್ಲ, ಒಂದು ಮಾತು. ಪೈನ್‌ನಲ್ಲಿ ರಾಳ ಇದೆ, ಉರಿಸಿದರೆ ಚಿಮಣಿ ಹಾಳಾಗುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಚಿಮಣಿಯಲ್ಲಿ ಮಸಿ ಕಟ್ಟಿಸುವುದು ರಾಳವಲ್ಲ, ನೀರು ಮತ್ತು ಗಾಳಿಯ ಕೊರತೆ. ನಾರ್ವೆ, ಸ್ವೀಡನ್‌ನಂಥ ಕೊರೆಯುವ ಚಳಿಯ ದೇಶಗಳಲ್ಲಿ ಬರ್ಚ್ ಜೊತೆಗೆ ಪೈನ್, ಸ್ಪ್ರೂಸ್‌ಗಳನ್ನೇ ಉರಿಸಿ ಜನ ಚಳಿಗಾಲ ಕಳೆಯುತ್ತಾರೆ.

ಮರ ಗುರುತಿಸುವುದು

ಎಲೆ, ಹೂವು ಇಲ್ಲದ ಒಂದು ತುಂಡು ಎದುರಿಗಿದ್ದರೆ ಅದು ಯಾವ ಮರ ಅಂತ ಹೇಳುವುದು ಹೇಗೆ? ಎಲ್ಲರೂ ಮೊದಲು ನೋಡುವುದು ತೊಗಟೆ. ಬರ್ಚ್‌ನ ತೊಗಟೆ ಬಿಳಿ, ಕಾಗದದಂತೆ ಸುಲಿದು ಬರುತ್ತದೆ. ಕರಿಜಾಲಿಯದು ಕಪ್ಪಗೆ ಆಳವಾಗಿ ಬಿರಿದಿರುತ್ತದೆ. ನೀಲಗಿರಿಯದು ಪಟ್ಟಿ ಪಟ್ಟಿಯಾಗಿ ಕಳಚಿ ಒಳಗೆ ನುಣುಪು ಕಾಣುತ್ತದೆ. ಪೈನ್‌ನದು ಹೆಂಚು ಜೋಡಿಸಿದ ಹಾಗೆ ಬಿಲ್ಲೆ ಬಿಲ್ಲೆ. ಆದರೆ ತೊಗಟೆ ವಯಸ್ಸಿನ ಜೊತೆ ಬದಲಾಗುತ್ತದೆ. ಸೀಳಿದ ಸೌದೆಯಲ್ಲಿ ಎಷ್ಟೋ ಸಲ ತೊಗಟೆಯೇ ಇರುವುದಿಲ್ಲ.

ನಂಬಿಕಸ್ತ ಗುರುತು ಇರುವುದು ಅಡ್ಡ ಕೊಯ್ದ ತುದಿಯಲ್ಲಿ. ಗರಗಸದ ಒರಟು ಮೈಯಲ್ಲಿ ಏನೂ ಕಾಣುವುದಿಲ್ಲ. ಹರಿತವಾದ ಚಾಕುವಿನಿಂದ ಹೆಬ್ಬೆರಳ ಉಗುರಿನಷ್ಟು ಜಾಗವನ್ನು ನಯವಾಗಿ ಹೆರೆದು, ಒಂದು ಹನಿ ನೀರು ಸವರಿ, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಬೆಳಕು ಪಕ್ಕದಿಂದ ಬೀಳಲಿ. ಅಲ್ಲಿ ಒಂದು ಊರೇ ಇದೆ! ಸೂಜಿಯಿಂದ ಚುಚ್ಚಿದಂತಹ ತೂತುಗಳು ಕಂಡರೆ ಅವು ಬೇರಿನಿಂದ ನೀರು ಮೇಲೆ ಹೊತ್ತ ಕೊಳವೆಗಳು. ಪ್ರತಿ ವರ್ಷದ ಬಳೆಯ ಶುರುವಿನಲ್ಲಿ ದೊಡ್ಡ ತೂತುಗಳು ಸಾಲಾಗಿ ನಿಂತಿದ್ದರೆ ಓಕ್, ತೇಗ, ಆ್ಯಶ್‌ನಂಥ ಮರ ಇರಬಹುದು. ತೂತುಗಳು ಎಲ್ಲ ಕಡೆ ಒಂದೇ ಸಮನೆ ಚೆಲ್ಲಿದ್ದರೆ ಮಾವು, ಬರ್ಚ್, ಬೀಚ್, ನೀಲಗಿರಿಯ ಗುಂಪು. ಇಂಥ ಕೊಳವೆಯ ತೂತೇ ಇಲ್ಲದೆ ಬಳೆಗಳು ಮಾತ್ರ ಗೆರೆ ಎಳೆದಂತೆ ಸ್ಪಷ್ಟವಾಗಿದ್ದರೆ ಅದು ಪೈನ್, ಸ್ಪ್ರೂಸ್, ಸೀಡರ್‌ಗಳ ಬಳಗ. ಪೈನ್ ಆದರೆ ಅಲ್ಲಲ್ಲಿ ರಾಳದ ಸಣ್ಣ ಚುಕ್ಕೆಗಳೂ ಇರುತ್ತವೆ.

ಇನ್ನೊಂದು ಗುರುತು ನನಗೆ ತುಂಬ ಇಷ್ಟ. ತಿರುಳಿನಿಂದ ತೊಗಟೆಯ ಕಡೆಗೆ, ಚಕ್ರದ ಕಡ್ಡಿಗಳಂತೆ ಹೋಗುವ ತಿಳಿ ಗೆರೆಗಳಿವೆ. ಓಕ್‌ನಲ್ಲಿ ಇವು ಎಷ್ಟು ಅಗಲ ಅಂದರೆ ಬರಿಗಣ್ಣಿಗೇ ಕಾಣುತ್ತವೆ. ಆ ಗೆರೆಯ ಗುಂಟ ಸೀಳಿದರೆ ಸೀಳಿನ ಮೈಮೇಲೆ ರೇಷ್ಮೆಯ ಮಚ್ಚೆಗಳಂತೆ ಮಿನುಗುತ್ತವೆ. ಸಿಲ್ವರ್ ಓಕ್‌ಗೂ ಓಕ್‌ಗೂ ಯಾವ ನೆಂಟಸ್ತಿಕೆಯೂ ಇಲ್ಲ. ಸೀಳಿದಾಗ ಇದೇ ಮಿನುಗು ಕಂಡದ್ದರಿಂದ ಅದಕ್ಕೆ ಓಕ್ ಅನ್ನುವ ಹೆಸರು ಅಂಟಿಕೊಂಡಿತು.

ಕೆಂಪು ಓಕ್‌ನ ಕೊಳವೆಗಳು ಎಷ್ಟು ತೆರೆದಿರುತ್ತವೆ ಅಂದರೆ, ಒಣಗಿದ ಗಿಡ್ಡ ತುಂಡಿನ ಒಂದು ತುದಿಗೆ ಸೋಪಿನ ನೀರು ಹಚ್ಚಿ ಇನ್ನೊಂದು ತುದಿಯಿಂದ ಬಾಯಲ್ಲಿ ಊದಿದರೆ ಗುಳ್ಳೆ ಬರುತ್ತದೆ. ಬಿಳಿ ಓಕ್‌ನಲ್ಲಿ ಬರುವುದಿಲ್ಲ. ಅದರ ಕೊಳವೆಗಳನ್ನು ಮರವೇ ಬೆಳೆಯುತ್ತಾ ಬೆಳೆಯುತ್ತಾ ಒಳಗಿನಿಂದ ಮುಚ್ಚಿಕೊಂಡಿರುತ್ತದೆ. ಸೋರದ ಪೀಪಾಯಿಗಳನ್ನು ಬಿಳಿ ಓಕ್‌ನಿಂದ ಮಾಡುವುದು ಇದೇ ಕಾರಣಕ್ಕೆ.

ಬಣ್ಣ, ವಾಸನೆಯೂ ಸಹಾಯಕ್ಕೆ ಬರುತ್ತವೆ. ಹಲಸಿನ ಚೇಗು ಹೊಸದಾಗಿ ಕೊಯ್ದಾಗ ಅರಿಶಿನದಂತೆ ಹಳದಿ. ದಿನ ಕಳೆದಂತೆ ಕಂದು ಬಣ್ಣಕ್ಕೆ ತಿರುಗುತ್ತದೆ. ಹುಣಸೆಯ ಹೊರಭಾಗ ತಿಳಿ ಹಳದಿ, ಒಳಗಿನ ಚೇಗು ಕಡುಗಂದು. ಆಲ್ಡರ್ ಅನ್ನುವ ಮರ ಕಡಿದ ಕ್ಷಣ ಬೆಳ್ಳಗಿದ್ದು, ನೋಡನೋಡುತ್ತಾ ಗಾಯವಾದಂತೆ ಕಿತ್ತಳೆಗೆಂಪಾಗುತ್ತದೆ. ಹಸಿ ಓಕ್ ಹುಳಿ ಹುಳಿ ವಾಸನೆ ಹೊಡೆಯುತ್ತದೆ, ಪೈನ್ ಟರ್ಪೆಂಟೈನ್ ವಾಸನೆ. ವಾಸನೆ ಬೇಕಾದರೆ ಹೊಸದಾಗಿ ಸೀಳಿದ ಮೈಯನ್ನೇ ಮೂಸಬೇಕು. ಹಳೆಯ ಮೈಯಲ್ಲಿ ಬರೀ ಧೂಳಿನ ವಾಸನೆ.

ಹಾರ್ಡ್‌ವುಡ್, ಸಾಫ್ಟ್‌ವುಡ್ ಅನ್ನುವ ಮಾತು ಮಾತ್ರ ಇಲ್ಲಿ ದಾರಿ ತಪ್ಪಿಸುತ್ತದೆ. ಅದು ಸಸ್ಯಶಾಸ್ತ್ರದ ವಿಂಗಡಣೆ, ಗಟ್ಟಿತನದ್ದಲ್ಲ. ಉಗುರು ಇಳಿಯುವ ಬಾಲ್ಸಾ ಮರ ಆ ಲೆಕ್ಕದಲ್ಲಿ ಹಾರ್ಡ್‌ವುಡ್. ಗಟ್ಟಿಮುಟ್ಟಾದ ಯೂ ಮರ ಸಾಫ್ಟ್‌ವುಡ್! ಸೌದೆಗೆ ತೂಕವೇ ಸರಿಯಾದ ಅಳತೆ.

ಒಂದೊಂದಕ್ಕೆ ಒಂದೊಂದು ಗುಣ

ಸರ್ವೆಯನ್ನು ಪ್ರಪಂಚದ ಅತ್ಯುತ್ತಮ ಸೌದೆಗಳಲ್ಲಿ ಒಂದು ಅಂತ ಲೆಕ್ಕಿಸುತ್ತಾರೆ. ಭಾರ, ಗಟ್ಟಿ, ಉರಿ ಜೋರು, ಕೆಂಡ ಬಹಳ ಹೊತ್ತು. ಬಳ್ಳಾರಿ ಜಾಲಿಯ ಮುಳ್ಳಿಗೆ ಬೈಯುವವರೂ ಅದರ ಸೌದೆಯನ್ನು ಬೈಯುವುದಿಲ್ಲ. ಒಂದೇ ಸಮನೆ ಉರಿಯುತ್ತದೆ, ಇಜ್ಜಲಿಗೂ ಒಳ್ಳೆಯದು. ಓಕ್ ಒಣಗಲು ಎರಡು ವರ್ಷದವರೆಗೂ ಸತಾಯಿಸುತ್ತದೆ. ಒಣಗಿದ ಮೇಲೆ ರಾತ್ರಿಯಿಡೀ ಕೆಂಡ ಉಳಿಸುವುದರಲ್ಲಿ ಅದಕ್ಕೆ ಸಾಟಿ ಕಡಿಮೆ. ಆ್ಯಶ್ ಮರದ ಸ್ವಭಾವವೇ ಬೇರೆ. ನಿಂತ ಮರದಲ್ಲೇ ನೀರು ಕಡಿಮೆ, ಹಾಗಾಗಿ ಬೇಗ ಒಣಗುತ್ತದೆ. ನೇರವಾಗಿ ಸೀಳುತ್ತದೆ ಕೂಡ.

ಬರ್ಚ್‌ನ ತೊಗಟೆ ಒದ್ದೆಯಾದರೂ ಹತ್ತಿಕೊಳ್ಳುತ್ತದೆ. ಅದರಲ್ಲಿ ಮೇಣದಂಥ ಪದಾರ್ಥ ಇದೆ. ಅದೇ ತೊಗಟೆ ಒಳಗಿನ ನೀರನ್ನೂ ಹೊರಗೆ ಬಿಡುವುದಿಲ್ಲ. ಸೀಳದೆ ಬಿಟ್ಟ ಬರ್ಚ್ ದಿಮ್ಮಿ ಹೊರಗೆ ಚೆಂದ ಕಾಣುತ್ತಲೇ ಒಳಗೆ ಕೊಳೆತಿರುತ್ತದೆ. ನೀಲಗಿರಿಯದು ಇನ್ನೊಂದು ಥರದ ತಗಾದೆ. ಎಳೆಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ಒಣಗಿದ ಮೇಲೆ ಕೊಡಲಿ ಪುಟಿದು ವಾಪಸ್ ಬರುತ್ತದೆ, ಹಸಿ ಇರುವಾಗಲೇ ಸೀಳಿಬಿಡಬೇಕು.

ಹಗುರ ಸೌದೆಯನ್ನು ಕೀಳಾಗಿ ನೋಡಬೇಡಿ. ಬೆಂಕಿ ಹೊತ್ತಿಸಲು ಭಾರದ ಸೌದೆ ಕೆಲಸಕ್ಕೆ ಬಾರದು. ಪೈನ್, ಬೂರುಗ, ಪಾಪ್ಲರ್‌ಗಳನ್ನು ಬೆರಳು ಗಾತ್ರ ಸೀಳಿದ ಪುರಲೆಯೇ ಬೇಕು. ಸ್ವಲ್ಪವೇ ಚಳಿ ಇರುವ ಸಂಜೆಗೂ ಹಗುರ ಸೌದೆಯೇ ಸರಿ. ಆಗ ಜಾಲಿಯನ್ನು ತುಂಬಿ, ಸೆಕೆಯಾಯಿತು ಅಂತ ಗಾಳಿಯ ಕಿಂಡಿ ಮುಚ್ಚಿದರೆ ಒಲೆ ಉಸಿರುಗಟ್ಟಿ ಹೊಗೆ ಕಾರುತ್ತದೆ. ಒಂದು ಹಿಡಿ ಹಗುರ ಸೌದೆಯನ್ನು ಜೋರಾಗಿ ಉರಿಸಿ ಮುಗಿಸುವುದು ಮೇಲು. ತೆರೆದ ಅಗ್ಗಿಷ್ಟಿಕೆ ಆದರೆ ಪೈನ್, ಸ್ಪ್ರೂಸ್ ಬೇಡ. ರಾಳದ ಗುಳಿಗಳು ಚಟಪಟ ಸಿಡಿದು ಕಿಡಿ ಹೊರಗೆ ಹಾರುತ್ತದೆ.

ಒಣಗಿದೆಯಾ ಅಂತ ನೋಡುವುದು

ಎರಡು ತುಂಡನ್ನು ಒಂದಕ್ಕೊಂದು ತಾಗಿಸಿ. ಒಣಗಿದ್ದರೆ ಠಣ್ ಅನ್ನುತ್ತವೆ. ಹಸಿಯಾಗಿದ್ದರೆ ಧಪ್ ಅಂತ ಮಂಕು ಸದ್ದು. ತುದಿಯಲ್ಲಿ ಬಿರುಕು ಬಿಟ್ಟಿದ್ದರೆ ಒಣಗಿದೆ ಅನ್ನುವ ಮಾತಿದೆ. ಅದು ಅರ್ಧ ನಿಜ. ಮರದಿಂದ ಮೊದಲು ಹೋಗುವುದು ಕೊಳವೆಯೊಳಗೆ ನಿಂತ ನೀರು. ಆಗ ಮರ ಕುಗ್ಗುವುದಿಲ್ಲ. ಆಮೇಲೆ ಗೋಡೆ ಹೀರಿಕೊಂಡ ನೀರು ಹೋಗತೊಡಗಿದಾಗ ಮರ ಕುಗ್ಗಿ ಬಿರಿಯುತ್ತದೆ. ತುದಿಗಳು ಬೇಗ ಒಣಗುವುದರಿಂದ ಬಿರುಕು ಅಲ್ಲಿ ಬೇಗ ಕಾಣುತ್ತದೆ. ನಡುಭಾಗ ಇನ್ನೂ ಹಸಿಯೇ ಇರಬಹುದು.

ತೇವಾಂಶ ಅಳೆಯುವ ಮೀಟರ್ ಇದ್ದರೆ ಹೊರಮೈಗೆ ಚುಚ್ಚಬೇಡಿ. ತುಂಡನ್ನು ಆಗಲೇ ಸೀಳಿ, ಒಳಮೈಯ ಮಧ್ಯಕ್ಕೆ ಚುಚ್ಚಿ. 20ಕ್ಕಿಂತ ಕೆಳಗೆ ತೋರಿಸಿದರೆ ಧಾರಾಳವಾಗಿ ಉರಿಸಬಹುದು. ಒಂದು ವಿಷಯ ನೆನಪಿರಲಿ. ಈ ಮೀಟರ್‌ಗಳು ನೀರನ್ನು ಒಣ ಮರದ ತೂಕಕ್ಕೆ ಹೋಲಿಸಿ ಹೇಳುತ್ತವೆ, ಒಟ್ಟು ತೂಕಕ್ಕಲ್ಲ. ಅರ್ಧ ಮರ, ಅರ್ಧ ನೀರು ಇರುವ ತುಂಡು ಆ ಲೆಕ್ಕದಲ್ಲಿ ಶೇಕಡಾ 100. ಮೀಟರ್ 25 ತೋರಿಸಿದರೆ ಒಟ್ಟು ತೂಕದಲ್ಲಿ ನೀರು ಶೇಕಡಾ 20.

ಕೊಳ್ಳುವಾಗ ಹುಷಾರಾಗಿರಬೇಕಾದ್ದೂ ಇಲ್ಲೇ. ಸೌದೆಯನ್ನು ತೂಕದ ಲೆಕ್ಕದಲ್ಲಿ ಕೊಂಡರೆ ನೀರಿಗೆ ದುಡ್ಡು ಕೊಡುವ ಅಪಾಯ. ಅಟ್ಟಿಯ ಅಳತೆಯಲ್ಲಿ ಕೊಂಡರೆ ಗಾಳಿಗೆ ದುಡ್ಡು ಕೊಡುವ ಅಪಾಯ. ತೂಕಕ್ಕಾದರೆ ಜಾತಿ ಯಾವುದಾದರೂ ಇರಲಿ, ಒಣಗಿದ್ದನ್ನೇ ಆರಿಸಿ. ಅಳತೆಗಾದರೆ ಭಾರದ ಜಾತಿ ಆರಿಸಿ. ಅಟ್ಟಿ ಬಿಗಿಯಾಗಿ ಪೇರಿಸಿದೆಯಾ, ಸುಮ್ನೆ ಸುರಿದ ರಾಶಿಯಾ ಅಂತಲೂ ನೋಡಿ. ಚೆನ್ನಾಗಿ ಪೇರಿಸಿದ ಅಟ್ಟಿಯಲ್ಲೇ ಸುಮಾರು ಮೂರನೇ ಒಂದು ಭಾಗ ಸಂದು ಇರುತ್ತದೆ. ಸುರಿದ ರಾಶಿಯಲ್ಲಿ ಇನ್ನೂ ಜಾಸ್ತಿ.

ಉರಿಸಬಾರದ್ದು

ಬಣ್ಣ ಹೊಡೆದ ಮರ, ಪ್ಲೈವುಡ್, ಗೆದ್ದಲು ಹಿಡಿಯದಂತೆ ಔಷಧಿ ಕುಡಿಸಿದ ಮರ ಒಲೆಗೆ ಬೇಡವೇ ಬೇಡ. ಕೆಲವು ಔಷಧಿಗಳಲ್ಲಿ ತಾಮ್ರ, ಕ್ರೋಮಿಯಂ ಜೊತೆ ಆರ್ಸೆನಿಕ್ ಇರುತ್ತದೆ. ಅದು ಹೊಗೆಯಲ್ಲೂ ಬರುತ್ತದೆ, ಬೂದಿಯಲ್ಲೂ ಉಳಿಯುತ್ತದೆ. ಸಮುದ್ರದಲ್ಲಿ ತೇಲಿ ಬಂದ ಮರದ ಉಪ್ಪು ಕಬ್ಬಿಣದ ಒಲೆಯನ್ನು ತಿನ್ನುತ್ತದೆ, ವಿಷದ ಅನಿಲವನ್ನೂ ಹುಟ್ಟಿಸುತ್ತದೆ. ಕಣಗಿಲೆ ಗಿಡದ ಎಲ್ಲ ಭಾಗವೂ ವಿಷ. ಅದರ ಕಡ್ಡಿಯನ್ನು ಪುರಲೆಯಾಗಿಯೂ ಬಳಸಬೇಡಿ.

ಕೆಂಡದ ಮೇಲೆ ಆಡುವ ನೀಲಿ ಜ್ವಾಲೆ ನೋಡಲು ಚೆಂದ. ಅದು ಕಾರ್ಬನ್ ಮಾನಾಕ್ಸೈಡ್ ಉರಿಯುವ ಬಣ್ಣ. ಕೆಂಡ ಇರುವಾಗಲೇ ಹೊಗೆ ಹೋಗುವ ದಾರಿ ಮುಚ್ಚಿದರೆ ಅದು ಉರಿಯದೆ ಕೋಣೆಗೆ ಇಳಿಯುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಜೀವ ತೆಗೆಯುತ್ತದೆ. ಕೆಂಡ ಇರುವ ಮನೆಯಲ್ಲಿ ಗಾಳಿಗೆ ದಾರಿ ಇರಲೇಬೇಕು.

ಗಾಳಿಯ ಕೈಗೆ ಕೊಡಿ

ಒಣಗಿಸುವ ಕೆಲಸವನ್ನು ಬಿಸಿಲಿಗಿಂತ ಹೆಚ್ಚಾಗಿ ಗಾಳಿ ಮಾಡುತ್ತದೆ. ನೀರು ಕೊಳವೆಗಳ ತುದಿಯಿಂದ ಹೊರಬೀಳುವಷ್ಟು ಬೇಗ ಪಕ್ಕದಿಂದ ಬೀಳುವುದಿಲ್ಲ. ಅದಕ್ಕೇ ಮೊದಲು ಒಲೆಯ ಅಳತೆಗೆ ಗಿಡ್ಡ ಮಾಡಿ, ಆಮೇಲೆ ಅಂಗೈ ಅಗಲಕ್ಕೆ ಸೀಳಿ. ನೆಲಕ್ಕೆ ತಾಗದಂತೆ ಕೆಳಗೆ ಎರಡು ದಿಮ್ಮಿ ಇಟ್ಟು ಪೇರಿಸಿ. ಕೊಯ್ದ ತುದಿಗಳು ಗಾಳಿ ಬರುವ ಕಡೆ ಇರಲಿ. ಮೇಲೆ ಮಾತ್ರ ಹೊದಿಸಿ, ಬದಿಗಳನ್ನು ತೆರೆದಿಡಿ. ಪೂರ್ತಿ ಟಾರ್ಪಾಲು ಸುತ್ತಿದರೆ ಒಳಗೆ ಬೆವರಿ ಬೂಸ್ಟು ಹಿಡಿಯುತ್ತದೆ.

ಪೇರಿಸುವಾಗ ಒಂದು ತುಂಡನ್ನು ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ, ತುದಿಯ ಮೇಲೆ ಪೆನ್ಸಿಲಿನಲ್ಲಿ ತೂಕ, ತಾರೀಕು ಬರೆಯಿರಿ. ಅಟ್ಟಿಯ ನಡುವೆ, ಕೈಗೆ ಸಿಗುವ ಹಾಗೆ ಸಿಕ್ಕಿಸಿ. ತಿಂಗಳಿಗೊಮ್ಮೆ ತೆಗೆದು ತೂಗಿ, ಹಿಂದಿನ ಅಂಕಿಯ ಕೆಳಗೆ ಬರೆಯುತ್ತಾ ಹೋಗಿ. ಮೊದಲ ತಿಂಗಳುಗಳಲ್ಲಿ ಅಂಕಿ ದಡದಡ ಇಳಿಯುತ್ತದೆ. ಆಮೇಲೆ ನಿಧಾನವಾಗುತ್ತದೆ. ಕೊನೆಗೆ ಒಂದು ಕಡೆ ನಿಂತುಬಿಡುತ್ತದೆ. ಅರ್ಧ ನೀರೇ ಇದ್ದ 2 ಕೆಜಿ ತುಂಡು 1 ಕೆಜಿ 250 ಗ್ರಾಂಗೆ ಬಂದು ನಿಂತಿದ್ದರೆ, ಆ ಒಂದು ತುಂಡಿನಿಂದಲೇ ಮುಕ್ಕಾಲು ಲೀಟರ್ ನೀರು ಗಾಳಿಗೆ ಹೋಗಿದೆ. ಅಟ್ಟಿಯನ್ನು ಆ ದಿನದಿಂದ ಒಲೆಗೆ ತೆಗೆಯಲು ಶುರು ಮಾಡಬಹುದು.